ಏನೂ ಇಲ್ಲ, ಏನೂ ಸಿಕ್ಕಿಲ್ಲ: ದವಡೆಯ ಕೆಳಗಿನ ಒಂದು ಗಂಟಿನ ಪ್ರಕರಣ

ಆಕೆಗೆ 47 ವರ್ಷ. ಹೂ ಕಟ್ಟಿ ಮಾರುವುದು ಕೆಲಸ. ಬಲಗಡೆ ದವಡೆಯ ಕೆಳಗೆ ಒಂದು ಗಂಟು. ಎರಡು ವರ್ಷದ ಹಿಂದೆ ಕಡಲೆಕಾಳಿನಷ್ಟಿತ್ತಂತೆ, ಈಗ ಅಡಿಕೆಯಷ್ಟಾಗಿದೆ. ಜ್ವರ ಇಲ್ಲ, ತೂಕ ಇಳಿದಿಲ್ಲ. ಊಟ ಮಾಡುವಾಗ ಊದಿಕೊಳ್ಳುತ್ತದಾ ಅಂತ ಕೇಳಿದೆ. ಇಲ್ಲ ಅಂದರು. ಈ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಜೊಲ್ಲಿನ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಊಟದ ಹೊತ್ತಿಗೆ ಗ್ರಂಥಿ ಉಬ್ಬುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಇವರಿಗೆ ಹಾಗಿರಲಿಲ್ಲ.

ನೋವಿದೆಯಾ ಅಂದಾಗ ಮೊದಲು ತಲೆಯಾಡಿಸಿಬಿಟ್ಟರು. ಆಮೇಲೆ, "ರಾತ್ರಿ ಹೊತ್ತು ಒಳಗೆ ಚುಳುಚುಳು ಅನ್ನುತ್ತೆ ಡಾಕ್ಟ್ರೇ. ದಿನವೆಲ್ಲ ಕತ್ತು ಬಗ್ಗಿಸಿ ಕೂರ್ತೀನಲ್ಲ, ಅದಕ್ಕೇ ಇರಬೇಕು" ಅಂದರು.

ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಏಳು ತಿಂಗಳ ಹಿಂದೆ ಬೇರೆ ಕಡೆ ಮಾಡಿಸಿದ್ದ ಸೂಜಿ ಪರೀಕ್ಷೆಯ ವರದಿ. ಅದರ ಸಾರ ಇಷ್ಟೇ: ಲಾಲಾಗ್ರಂಥಿಯ (ಜೊಲ್ಲಿನ ಗ್ರಂಥಿಯ) ಕೋಶಗಳು ಕಂಡಿವೆ, ಕ್ಯಾನ್ಸರ್ ಕೋಶಗಳಿಲ್ಲ. ಆ ಕೊನೆಯ ಎರಡು ಪದ ಓದಿ ಆಕೆ ಏಳು ತಿಂಗಳು ನೆಮ್ಮದಿಯಾಗಿದ್ದರು. ಯಾರಾದರೂ ಹಾಗೇ ಇರುತ್ತಾರೆ, ಅಲ್ವಾ?

ನಾನು ಪೆಥಾಲಜಿ ವಿಭಾಗದವಳು. ರೋಗಿಗಳ ಜೊತೆ ಮಾತಾಡುವ ಅವಕಾಶ ನಮಗೆ ಕಡಿಮೆ. ಸೂಜಿ ಪರೀಕ್ಷೆ ಮಾಡುವ ಎಫ್‌ಎನ್‌ಎಸಿ ಕೋಣೆ ಮಾತ್ರ ಅದಕ್ಕೆ ಹೊರತು. ಈ ಪ್ರಕರಣ ಅಲ್ಲಿಯದು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹಳೆಯ ಸ್ಲೈಡುಗಳು

ಹಳೆಯ ವರದಿ ಇದ್ದರೆ ಅದರ ಸ್ಲೈಡುಗಳನ್ನು ತರಿಸಿ ನೋಡುವುದು ನನ್ನ ಅಭ್ಯಾಸ. ವರದಿ ಅಂದರೆ ಒಬ್ಬರು ಕಂಡದ್ದು. ಸ್ಲೈಡ್ ಅಂದರೆ ಅಲ್ಲಿ ಇರುವುದು. ಆಕೆಯ ಮಗ ಮಾರನೆಯ ದಿನವೇ ಹೋಗಿ ತಂದುಕೊಟ್ಟ. ಎರಡೇ ಎರಡು ಸ್ಲೈಡ್.

ವರದಿಯಲ್ಲಿ ಸುಳ್ಳಿರಲಿಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಜೊಲ್ಲು ಸುರಿಸುವ ಕೋಶಗಳ ಗುಂಪು, ನಡುನಡುವೆ ನಾಳದ ಕೋಶಗಳು, ಒಂದಿಷ್ಟು ಕೊಬ್ಬು, ರಕ್ತ. ಅಚ್ಚುಕಟ್ಟಾದ, ಆರೋಗ್ಯವಂತ ಗ್ರಂಥಿ. ಕ್ಯಾನ್ಸರ್ ಕೋಶ ಒಂದೂ ಇಲ್ಲ.

ತೊಂದರೆ ಇದ್ದದ್ದೇ ಅಲ್ಲಿ. ಆರೋಗ್ಯವಂತ ಗ್ರಂಥಿ ಗಂಟು ಕಟ್ಟುವುದಿಲ್ಲ. ಕೈಗೆ ಗಂಟು ಸಿಗುತ್ತಿದೆ, ಸ್ಲೈಡಿನಲ್ಲಿ ಬರೀ ಆರೋಗ್ಯವಂತ ಕೋಶ. ಅಂದರೆ ಸೂಜಿ ಗಂಟಿನ ಪಕ್ಕಕ್ಕೆ ಹೋಗಿದೆ. "ಗಂಟಿನಲ್ಲಿ ಏನೂ ಇಲ್ಲ" ಅನ್ನುವುದು ಬೇರೆ, "ಗಂಟಿನಿಂದ ಏನೂ ಸಿಕ್ಕಿಲ್ಲ" ಅನ್ನುವುದು ಬೇರೆ. ವರದಿ ಎರಡನೆಯದನ್ನು ಹೇಳಬೇಕಿತ್ತು. ಓದಿದವರಿಗೆ ಮೊದಲನೆಯದು ಕೇಳಿಸಿತು.

ಆ ಲ್ಯಾಬಿನವರನ್ನು ದೂರುವ ಮನಸ್ಸು ನನಗಿಲ್ಲ. ಹತ್ತು ವರ್ಷದ ಹಿಂದೆ ನಾನೂ ಇಂಥ ವರದಿಗಳನ್ನು ಬರೆದಿದ್ದೇನೆ. ಆಗ ಲಾಲಾಗ್ರಂಥಿಯ ವರದಿ ಅಂದರೆ ಒಬ್ಬೊಬ್ಬರದು ಒಂದೊಂದು ಭಾಷೆ. ಒಬ್ಬರು "ಹಾನಿಯಿಲ್ಲದ್ದು ಅನಿಸುತ್ತದೆ" ಅಂತ ಬರೆಯುತ್ತಿದ್ದರು. ಇನ್ನೊಬ್ಬರು ಒಂದು ಪುಟ ವರ್ಣನೆ ಬರೆದು, ಕೊನೆಗೆ ಏನೂ ಹೇಳದೆ ಸಹಿ ಹಾಕುತ್ತಿದ್ದರು. ಸರ್ಜನ್ ಫೋನ್ ಮಾಡಿ, "ಸರಿ, ಈಗ ಆಪರೇಷನ್ ಮಾಡ್ಲಾ ಬೇಡ್ವಾ ಹೇಳಿ" ಅಂತ ಕೇಳುವುದು ಮಾಮೂಲಾಗಿತ್ತು.

ಮಿಲಾನ್ ಊರಿನ ಹೆಸರಿನ ಪದ್ಧತಿ

ಈ ಗೊಂದಲಕ್ಕೆ ಒಂದು ದಾರಿ ಹುಡುಕುವ ಮಾತು ಶುರುವಾದದ್ದು 2015ರಲ್ಲಿ, ಇಟಲಿಯ ಮಿಲಾನ್‌ನಲ್ಲಿ ನಡೆದ ಯುರೋಪಿನ ಸೈಟಾಲಜಿ (ಕೋಶ ಪರೀಕ್ಷೆ) ಸಮ್ಮೇಳನದಲ್ಲಿ. ಗರ್ಭಕಂಠಕ್ಕೆ, ಥೈರಾಯ್ಡಿಗೆ ಎಲ್ಲರೂ ಒಂದೇ ಭಾಷೆಯಲ್ಲಿ ವರದಿ ಬರೆಯುವ ಬೆಥೆಸ್ಡಾ ಪದ್ಧತಿ ಅಷ್ಟು ಹೊತ್ತಿಗೆ ಚಾಲ್ತಿಯಲ್ಲಿತ್ತು. ಲಾಲಾಗ್ರಂಥಿಗೆ ಅಂಥದ್ದು ಇರಲಿಲ್ಲ. ವಿಲಿಯಂ ಫಾಕಿನ್, ಎಸ್ತರ್ ಡಯಾನಾ ರೊಸ್ಸಿ ಮೊದಲಾದ ಪೆಥಾಲಜಿಸ್ಟರು ಮುಂದಾಳತ್ವ ವಹಿಸಿದರು. 2018ರಲ್ಲಿ ಅದರ ಪುಸ್ತಕ, ಅಂದರೆ ಅಟ್ಲಾಸ್ ಬಂತು, 2023ರಲ್ಲಿ ಎರಡನೇ ಆವೃತ್ತಿ.

ಪದ್ಧತಿ ಸರಳ. ಪ್ರತಿ ವರದಿಯೂ ಒಂದು ಖಾನೆಗೆ ಸೇರಬೇಕು. ಪ್ರತಿ ಖಾನೆಗೂ, ಆ ಗಂಟು ಕೊನೆಗೆ ಕ್ಯಾನ್ಸರ್ ಆಗಿರುವ ಸಂಭವ ಎಷ್ಟು ಅನ್ನುವ ಒಂದು ಅಂದಾಜಿದೆ. ಒಂದನೇ ಖಾನೆ "ರೋಗನಿರ್ಣಯಕ್ಕೆ ಸಾಲದು". ಎರಡನೆಯದು ಗಡ್ಡೆಯಲ್ಲದ ಉರಿಯೂತ, ಸೋಂಕು ಇಂಥವು. ಮೂರನೆಯದು "ಗಡ್ಡೆಯೋ ಅಲ್ಲವೋ ಹೇಳಲಾಗದು". ಇದನ್ನು ತಪ್ಪಿಸಿಕೊಳ್ಳುವ ಕಿಂಡಿ ಮಾಡಿಕೊಳ್ಳಬಾರದು ಅಂತ, ಒಟ್ಟು ವರದಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಲಿ ಅಂದಿದ್ದಾರೆ. ನಾಲ್ಕನೆಯದರಲ್ಲಿ ಎರಡು ಭಾಗ. 4ಎ ಅಂದರೆ ಹಾನಿಯಿಲ್ಲದ ಗಡ್ಡೆ. 4ಬಿ ಅಂದರೆ ಗಡ್ಡೆ ಹೌದು, ಆದರೆ ಒಳ್ಳೆಯದೋ ಕೆಟ್ಟದ್ದೋ ಸೂಜಿಯಿಂದ ಬಿಡಿಸಲಾಗದು. ಇದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ನಾವು ಸಂಪ್ (SUMP) ಅಂತ ಕರೆಯುತ್ತೇವೆ. ನೀರಿನ ಸಂಪಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಹೊಸ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ಪ್ರತಿ ವರ್ಷ ನಗುತ್ತಾರೆ. ಐದನೆಯದು ಕ್ಯಾನ್ಸರ್ ಅನುಮಾನ, ಆರನೆಯದು ಕ್ಯಾನ್ಸರ್.

ಎರಡನೇ ಆವೃತ್ತಿಯ ಅಂದಾಜಿನ ಪ್ರಕಾರ 4ಎಯಲ್ಲಿ ಕ್ಯಾನ್ಸರ್ ಸಂಭವ ಶೇ. 3ಕ್ಕಿಂತ ಕಡಿಮೆ. 4ಬಿಯಲ್ಲಿ ಸುಮಾರು ಶೇ. 35, ಐದರಲ್ಲಿ ಸುಮಾರು ಶೇ. 83. ಆರರಲ್ಲಿ ಶೇ. 98ಕ್ಕೂ ಜಾಸ್ತಿ. ನಮ್ಮ ಪ್ರಕರಣಕ್ಕೆ ಬೇಕಾದದ್ದು ಒಂದನೇ ಖಾನೆ. ಅದರಲ್ಲೇ ಶೇ. 15ರಷ್ಟು ಸಂಭವ ಇದೆ. "ಸಾಲದು" ಅನ್ನುವುದು ನೆಮ್ಮದಿಯ ಮಾತಲ್ಲ ಅನ್ನುವುದಕ್ಕೆ ಈ ಒಂದು ಅಂಕಿ ಸಾಕು.

ಮಿಲಾನ್ ಇನ್ನೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ. ಕೈಗೋ ಸ್ಕ್ಯಾನಿಗೋ ಗಂಟು ಖಚಿತವಾಗಿ ಸಿಗುತ್ತಿದ್ದು, ಸ್ಲೈಡಿನಲ್ಲಿ ಸಾಮಾನ್ಯ ಗ್ರಂಥಿಯ ಕೋಶಗಳಷ್ಟೇ ಇದ್ದರೆ ಅದು ಎರಡನೇ ಖಾನೆ ಅಲ್ಲ, ಒಂದನೆಯದು. ಈ ಪದ್ಧತಿ ಬಳಸಿದ್ದರೆ ಆಕೆಯ ಮೊದಲ ವರದಿಯ ಕೊನೆಗೆ "ಮತ್ತೆ ಮಾಡಿಸಿ" ಅಂತ ಇರುತ್ತಿತ್ತು.

ಮತ್ತೆ ಸೂಜಿ

ಮೊದಲು ಅಲ್ಟ್ರಾಸೌಂಡ್ ಮಾಡಿಸಿದೆವು. ಗ್ರಂಥಿಯ ಒಳಗೇ 2.4 ಸೆಂಟಿಮೀಟರಿನ ಗಡ್ಡೆ, ಅಂಚು ಒಂದು ಕಡೆ ಅಸ್ಪಷ್ಟ. ಕಲ್ಲು ಇಲ್ಲ. ದವಡೆಯ ಕೆಳಗಿನ ಗಂಟು ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಟಿಬಿಯ ದುಗ್ಧಗ್ರಂಥಿ (ಲಿಂಫ್ ನೋಡ್). ಇದು ಅದಲ್ಲ ಅನ್ನುವುದು ಸ್ಕ್ಯಾನಿನಲ್ಲೇ ಗೊತ್ತಾಯಿತು.

ಈ ಜಾಗದ ಗಂಟನ್ನು ಒಂದು ಕೈಯಲ್ಲಿ ಹಿಡಿಯಲಾಗುವುದಿಲ್ಲ. ಗ್ಲೌಸ್ ಹಾಕಿದ ಒಂದು ಬೆರಳನ್ನು ಬಾಯಿಯೊಳಗೆ ನಾಲಿಗೆಯ ಕೆಳಗಿಟ್ಟು, ಇನ್ನೊಂದು ಕೈಯನ್ನು ಹೊರಗಿಟ್ಟು, ನಡುವೆ ಸಿಗಿಸಿಕೊಳ್ಳಬೇಕು. ಹಾಗೆ ಹಿಡಿದಾಗ ಗಂಟು ಗ್ರಂಥಿಗಿಂತ ಗಟ್ಟಿ ಅನ್ನುವುದು ಬೆರಳಿಗೆ ತಿಳಿಯಿತು. ನಾಲಿಗೆಯ ಬಲ ಅಂಚಿನಲ್ಲಿ ಜೋಮು ಹಿಡಿದ ಹಾಗಾಗುತ್ತದಾ ಅಂತ ಕೇಳಿದೆ. "ಹೌದಲ್ಲ, ಆಗೀಗ ಆಗುತ್ತೆ. ಸುಣ್ಣ ಜಾಸ್ತಿಯಾಗಿ ನಾಲಿಗೆ ಸುಟ್ಟಿರಬೇಕು ಅಂದ್ಕೊಂಡಿದ್ದೆ" ಅಂದರು. ಎಲೆ ಅಡಿಕೆಯ ಅಭ್ಯಾಸ ಇತ್ತು. ನಾಲಿಗೆಗೆ ಸ್ಪರ್ಶಜ್ಞಾನ ಕೊಡುವ ನರ ಈ ಗ್ರಂಥಿಗೆ ಅಂಟಿಕೊಂಡ ಹಾಗೇ ಹೋಗುತ್ತದೆ. ನನ್ನ ಅನುಮಾನ ಗಟ್ಟಿಯಾದದ್ದು ಆ ಕ್ಷಣದಲ್ಲಿ, ಮೈಕ್ರೋಸ್ಕೋಪು ಮುಟ್ಟುವ ಮೊದಲೇ.

ಇನ್ನೊಂದು ಲೆಕ್ಕವೂ ತಲೆಯಲ್ಲಿತ್ತು. ಲಾಲಾಗ್ರಂಥಿ ಗಡ್ಡೆಗಳಲ್ಲಿ ಹೆಚ್ಚಿನವು ಬರುವುದು ಕಿವಿಯ ಮುಂದಿನ ಪರೋಟಿಡ್ ಗ್ರಂಥಿಯಲ್ಲಿ. ಮಂಗನಬಾವು ಬಂದಾಗ ಉಬ್ಬುವುದು ಅದೇ. ಅಲ್ಲಿನ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಹಾನಿಯಿಲ್ಲದವು. ದವಡೆಯ ಕೆಳಗಿನ ಗ್ರಂಥಿಗೆ ಬಂದರೆ ನೂರಕ್ಕೆ 40ರ ಆಸುಪಾಸು ಕೆಟ್ಟವು. ನಾಲಿಗೆಯ ಕೆಳಗಿನ ಪುಟ್ಟ ಗ್ರಂಥಿಯಲ್ಲಿ ಇನ್ನೂ ಜಾಸ್ತಿ. ಗ್ರಂಥಿ ಚಿಕ್ಕದಾದಷ್ಟೂ ಅನುಮಾನ ದೊಡ್ಡದು ಅಂತ ಪಿಜಿಗಳಿಗೆ ಹೇಳಿಕೊಡುತ್ತೇವೆ.

ಒಂದು ಚೂರು ಕತ್ತರಿಸಿಯೇ ಪರೀಕ್ಷೆ ಮಾಡಬಹುದಲ್ಲ ಅಂತ ಆಕೆಯ ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಲಾಲಾಗ್ರಂಥಿಯ ಗಡ್ಡೆಗೆ ಹಾಗೆ ಬಾಯಿ ತೆರೆದರೆ ಕೋಶಗಳು ಸುತ್ತ ಚೆಲ್ಲುವ ಭಯ ಇದೆ. ಮುಖ, ತುಟಿ ಆಡಿಸುವ ನರಗಳಿಗೂ ಪೆಟ್ಟಾಗಬಹುದು. ತೆಳ್ಳನೆಯ ಸೂಜಿಗೆ ಆ ಅಪಾಯ ತೀರಾ ಕಡಿಮೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ಕರೊಲಿನ್ಸ್ಕಾ ಆಸ್ಪತ್ರೆಯ ವೈದ್ಯರು 1960ರ ದಶಕದಲ್ಲೇ ಲಾಲಾಗ್ರಂಥಿಗೆ ಇದನ್ನು ದಿನನಿತ್ಯದ ಪರೀಕ್ಷೆಯಾಗಿ ಬಳಸಿ ತೋರಿಸಿದ್ದರು.

ಸ್ಕ್ಯಾನ್ ನೋಡಿಕೊಂಡೇ 23 ಗೇಜಿನ ಸೂಜಿ ಹಾಕಿದೆವು. ಗಡ್ಡೆಯ ಎರಡು ಬೇರೆ ಬೇರೆ ಕಡೆಯಿಂದ. ಸೂಜಿ ಒಳಗೆ ಹೋದಾಗ ಆಕೆ ನೋವಿನಿಂದ ಮುಖ ಕಿವುಚಿದರು. ಅದನ್ನೂ ಬರೆದುಕೊಂಡೆ. ಅರ್ಧದಷ್ಟು ಸ್ಲೈಡುಗಳನ್ನು ಗಾಳಿಗೆ ಒಣಗಿಸಿ ಗೀಮ್ಸಾ ಬಣ್ಣಕ್ಕೆ, ಉಳಿದವನ್ನು ತಕ್ಷಣ ಆಲ್ಕೋಹಾಲಿಗೆ ಇಳಿಸಿ ಪ್ಯಾಪ್ ಬಣ್ಣಕ್ಕೆ. ಒಂದು ಸ್ಲೈಡನ್ನು ಅಲ್ಲೇ ಟೊಲುಯಿಡಿನ್ ಬ್ಲೂ ಹಾಕಿ ನೋಡಿದೆ. ಕೋಶಗಳು ದಂಡಿಯಾಗಿದ್ದವು. ಸಾಕು ಅಮ್ಮಾ, ಇನ್ನು ಚುಚ್ಚಲ್ಲ ಅಂದೆ.

ಸಬ್ಬಕ್ಕಿ ಕಾಳು, ಹಿಂಜಿದ ಅರಳೆ

ಗೀಮ್ಸಾ ಸ್ಲೈಡಿನಲ್ಲಿ ಕಂಡದ್ದು ಇದು. ಚಿಕ್ಕ ಚಿಕ್ಕ ಕೋಶಗಳು, ಒಂದೇ ಅಳತೆಯವು. ಮೈಯೆಲ್ಲ ನ್ಯೂಕ್ಲಿಯಸ್ಸೇ, ಸುತ್ತಲಿನ ಭಾಗ ಹೆಸರಿಗಷ್ಟೇ. ನಮ್ಮ ಭಾಷೆಯಲ್ಲಿ ಬೇಸಲಾಯ್ಡ್ ಕೋಶ. ಅವುಗಳ ನಡುವೆ ಕಡು ಗುಲಾಬಿ ಬಣ್ಣದ ಗುಂಡುಗಳು. ಬೆಂದ ಸಬ್ಬಕ್ಕಿ ಕಾಳಿನ ಹಾಗೆ ದುಂಡಗೆ, ಅಂಚು ಚೊಕ್ಕ, ಒಳಗೆ ಒಂದೂ ಕೋಶ ಇಲ್ಲ. ಕೋಶಗಳೆಲ್ಲ ಹೊರಗಿನಿಂದ ಸುತ್ತುವರಿದು ಅಂಟಿಕೊಂಡಿವೆ.

ಲಾಲಾಗ್ರಂಥಿಯ ಸೈಟಾಲಜಿಯಲ್ಲಿ ಅರ್ಧ ಆಟ ಈ ಗುಲಾಬಿ ಪದಾರ್ಥದ್ದೇ. ಅತಿ ಸಾಮಾನ್ಯವಾದ, ಹಾನಿಯಿಲ್ಲದ ಪ್ಲಿಯೊಮಾರ್ಫಿಕ್ ಅಡಿನೋಮಾದಲ್ಲೂ ಅದು ಇರುತ್ತದೆ. ಆದರೆ ಅಲ್ಲಿ ಹಿಂಜಿದ ಅರಳೆಯ ಹಾಗೆ ಎಳೆ ಎಳೆ, ಅಂಚು ಹರಿದು ಹರಡಿರುತ್ತದೆ. ಕೋಶಗಳು ಅದರೊಳಗೆ ಹೂತುಕೊಂಡಿರುತ್ತವೆ. ಸಬ್ಬಕ್ಕಿಯಂಥ ಗುಂಡು ಕಂಡರೆ ನೆನಪಾಗಬೇಕಾದದ್ದು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಅನ್ನುವ ಕ್ಯಾನ್ಸರ್. ನೋಡಲು ಸಾಧು, ನಡತೆಯಲ್ಲಿ ಕೆಟ್ಟದ್ದು. 19ನೇ ಶತಮಾನದಲ್ಲಿ ಸರ್ಜನ್ ಥಿಯೋಡರ್ ಬಿಲ್ರೋತ್ ಇದಕ್ಕೆ ಸಿಲಿಂಡ್ರೋಮಾ ಅಂತ ಹೆಸರಿಟ್ಟಿದ್ದರು. ಇದರ ಗುಣವೆಂದರೆ ನರದ ಗುಂಟ ಹರಿದು ಹೋಗುವುದು. ರಾತ್ರಿಯ ಆ ಚುಳುಚುಳು, ನಾಲಿಗೆಯ ಜೋಮು ಎಲ್ಲಕ್ಕೂ ಒಂದು ಕಾರಣ ಸಿಕ್ಕ ಹಾಗಾಯಿತು.

ಪ್ಯಾಪ್ ಸ್ಲೈಡಿನಲ್ಲಿ ಇದೇ ಗುಂಡುಗಳು ನೀರಿನ ಹನಿಯ ಹಾಗೆ ಮಸುಕು. ಗೊತ್ತಿಲ್ಲದವರು ದಾಟಿ ಹೋಗಿಬಿಡುತ್ತಾರೆ. ಗೀಮ್ಸಾ ಇಲ್ಲದೆ ಲಾಲಾಗ್ರಂಥಿ ನೋಡಬಾರದು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ಆರನೇ ಖಾನೆ ಅಂತ ಬರೆದುಬಿಡಬಹುದಿತ್ತಲ್ಲ? ಇಲ್ಲ. ಗುಂಡುಗಳು ಅಡಿನಾಯ್ಡ್ ಸಿಸ್ಟಿಕ್‌ನ ಸ್ವಂತ ಆಸ್ತಿ ಅಲ್ಲ. ಬೇಸಲ್ ಸೆಲ್ ಅಡಿನೋಮಾ ಅನ್ನುವ ನಿರಪಾಯದ ಗಡ್ಡೆಯಲ್ಲೂ ಗುಲಾಬಿ ಪದಾರ್ಥ ಇರುತ್ತದೆ. ಅಲ್ಲಿ ಹೆಚ್ಚಾಗಿ ಕೋಶದ ಗುಂಪಿನ ಸುತ್ತ ಪಟ್ಟಿ ಕಟ್ಟಿದ ಹಾಗೆ, ಆದರೆ ಗುಂಡು ಗುಂಡಾಗಿಯೂ ಬರಬಹುದು. ಎಪಿಥೀಲಿಯಲ್-ಮಯೋಎಪಿಥೀಲಿಯಲ್ ಕಾರ್ಸಿನೋಮಾ ಅನ್ನುವ ಇನ್ನೊಂದು ಕ್ಯಾನ್ಸರಿನಲ್ಲೂ ಇರುತ್ತದೆ. ಪ್ಲಿಯೊಮಾರ್ಫಿಕ್ ಅಡಿನೋಮಾದಲ್ಲೂ ಒಮ್ಮೊಮ್ಮೆ ಹೀಗೇ ಕಂಡು ಅನುಭವಸ್ಥರನ್ನೂ ಏಮಾರಿಸಿದ್ದಿದೆ.

ನಮ್ಮ ವಿಭಾಗದಲ್ಲಿ ಆ ದಿನ ವಾದ ನಡೆಯಿತು. ಸೀನಿಯರ್ ರೆಸಿಡೆಂಟ್ ಹುಡುಗಿ, "ಮೇಡಂ, ಇದು ಐದು. ನೋವಿದೆ, ಜೋಮಿದೆ, ಗುಂಡುಗಳಿವೆ. ಇನ್ನೇನು ಬೇಕು?" ಅಂದಳು. ನಮ್ಮ ಹಿರಿಯ ಪ್ರೊಫೆಸರ್ ಒಪ್ಪಲಿಲ್ಲ. "ನೋವು ಸ್ಲೈಡಿನಲ್ಲಿ ಎಲ್ಲಿ ಕಾಣ್ತಿದೆ, ತೋರಿಸಮ್ಮ. ಕೋಶ ನೋಡಿ ಖಾನೆ ಹಾಕು. ಉಳಿದದ್ದು ಟಿಪ್ಪಣಿಯಲ್ಲಿ ಬರಿ" ಅಂದರು. ಮತ್ತೆ ಮತ್ತೆ ನೋಡಿದೆವು. ನ್ಯೂಕ್ಲಿಯಸ್ಸುಗಳಲ್ಲಿ ವಿಕಾರ ಇಲ್ಲ, ಕೋಶ ವಿಭಜನೆ ಇಲ್ಲ, ಸತ್ತ ಕೋಶಗಳ ಕಸ ಇಲ್ಲ. ಕೆಲವು ಗುಂಪುಗಳಲ್ಲಿ ಗುಲಾಬಿ ಪದಾರ್ಥ ಪಟ್ಟಿಯ ಹಾಗೂ ಇತ್ತು. ಸೂಜಿಯಲ್ಲಿ ಬಂದದ್ದನ್ನು ಗಟ್ಟಿ ಮಾಡಿಟ್ಟ ಸೆಲ್ ಬ್ಲಾಕಿನಲ್ಲಿ ಹೆಚ್ಚಿನ ಪರೀಕ್ಷೆ ಮಾಡಿಸೋಣ ಅಂದರೆ ಅದರಲ್ಲಿ ಬರೀ ರಕ್ತ.

ನನ್ನ ಮನಸ್ಸು ಹುಡುಗಿಯ ಕಡೆಗಿತ್ತು, ಕೈ ಪ್ರೊಫೆಸರ್ ಕಡೆಗೆ ಹೋಯಿತು. 4ಬಿ ಅಂತ ಬರೆದೆ. ಆದರೆ ಟಿಪ್ಪಣಿಯನ್ನು ಒಂದು ಸಾಲಿಗೆ ನಿಲ್ಲಿಸಲಿಲ್ಲ: "ಬೇಸಲಾಯ್ಡ್ ಗಡ್ಡೆ, ಗುಂಡಾದ ಹಯಲಿನ್ (ಅದೇ ಗುಲಾಬಿ) ಪದಾರ್ಥ ಇದೆ. ಮೊದಲು ಯೋಚಿಸಬೇಕಾದದ್ದು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ಬೇಸಲ್ ಸೆಲ್ ಅಡಿನೋಮಾ ಅಲ್ಲಗಳೆಯಲಾಗದು. ರೋಗಿಗೆ ನೋವು ಮತ್ತು ನಾಲಿಗೆಯ ಜೋಮು ಇರುವುದರಿಂದ ನರಗಳ ಎಂಆರ್‌ಐ ಮಾಡಿಸುವುದು ಒಳ್ಳೆಯದು." ಆಮೇಲೆ ಸರ್ಜನ್‌ಗೆ ಫೋನ್ ಮಾಡಿ ಇದನ್ನೇ ಬಾಯಲ್ಲೂ ಹೇಳಿದೆ. ಖಾನೆಯ ಸಂಖ್ಯೆ ನೋಡಿ ಟಿಪ್ಪಣಿ ಓದದವರಿದ್ದಾರೆ. ಈ ಸರ್ಜನ್ ಅಂಥವರಲ್ಲ, ಆದರೂ.

ಆಪರೇಷನ್, ಮತ್ತು ಕೊನೆಯ ಉತ್ತರ

ಎಂಆರ್‌ಐಯಲ್ಲಿ ದೊಡ್ಡ ನರಗಳು ದಪ್ಪವಾಗಿರಲಿಲ್ಲ. ಎದೆಯ ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶ ಶುಭ್ರ. 4ಬಿ ಅಂದರೂ, ಐದು ಅಂದರೂ ಗ್ರಂಥಿ ತೆಗೆಯುವುದು ತಪ್ಪುತ್ತಿರಲಿಲ್ಲ. ವ್ಯತ್ಯಾಸ ಎಷ್ಟು ಅಗಲಕ್ಕೆ ತೆಗೆಯಬೇಕು ಅನ್ನುವುದರಲ್ಲಿ. ಸರ್ಜನ್ ಗಡ್ಡೆಯನ್ನಷ್ಟೇ ಬಿಡಿಸಿಕೊಳ್ಳಲಿಲ್ಲ. ಇಡೀ ಗ್ರಂಥಿಯನ್ನು, ಸುತ್ತಲಿನ ಕೊಬ್ಬು ಮತ್ತು ದುಗ್ಧಗ್ರಂಥಿಗಳ ಸಮೇತ ಒಂದೇ ತುಂಡಾಗಿ ತೆಗೆದರು. ನಾಲಿಗೆಯ ನರದಿಂದ ಗ್ರಂಥಿಗೆ ಬರುವ ಕವಲನ್ನು ಕತ್ತರಿಸಿದ ಜಾಗದಿಂದ ಒಂದು ಚೂರು ಆಪರೇಷನ್ ನಡೆಯುತ್ತಿರುವಾಗಲೇ ಫ್ರೋಜನ್‌ಗೆ, ಅಂದರೆ ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆಗೆ ಬಂತು. ಅದರಲ್ಲಿ ಗಡ್ಡೆ ಇರಲಿಲ್ಲ. ನರ ಉಳಿಯಿತು.

ವಾರದ ನಂತರ ಹಿಸ್ಟೋಪೆಥಾಲಜಿ, ಅಂದರೆ ತೆಗೆದ ತುಂಡಿನ ಪರೀಕ್ಷೆ. ಜರಡಿಯ ಹಾಗೆ ತೂತು ತೂತಾದ ಕೋಶಗುಂಪುಗಳು. ತೂತುಗಳಲ್ಲಿ ತುಂಬಿಕೊಂಡ ಅದೇ ಪದಾರ್ಥ. ಸೂಜಿಯಲ್ಲಿ ಗುಂಡಾಗಿ ಬಂದದ್ದು ಇಲ್ಲಿಂದ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ, 2.5 ಸೆಂಟಿಮೀಟರ್. ಗಟ್ಟಿ ಮುದ್ದೆಯ ಹಾಗೆ ಬೆಳೆಯುವ ಭಾಗ ಇರಲಿಲ್ಲ, ಅದಿದ್ದಿದ್ದರೆ ಇನ್ನೂ ಕೆಟ್ಟದ್ದು. ದುಗ್ಧಗ್ರಂಥಿಗಳಲ್ಲಿ ಏನೂ ಇಲ್ಲ. ಆದರೆ ಗ್ರಂಥಿಯೊಳಗಿನ ಸಣ್ಣ ನರಗಳ ಸುತ್ತ ಬಳೆ ತೊಡಿಸಿದ ಹಾಗೆ ಗಡ್ಡೆಯ ಕೋಶಗಳು.

ನರಕ್ಕೆ ತಗುಲಿದ್ದರಿಂದ ರೇಡಿಯೋಥೆರಪಿ ಬೇಕಾಯಿತು. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಳಿಸಿ ಹುಳುಕು ಹಲ್ಲು ತೆಗೆಸಿ, ಆಮೇಲೆ ಆರು ವಾರ. ಬಾಯಿ ಒಣಗುತ್ತದೆ ಅನ್ನುವ ದೂರು ಇನ್ನೂ ಇದೆ. ಎಲೆ ಅಡಿಕೆ ಬಿಟ್ಟಿದ್ದಾರೆ. ಬೈಸಿಕೊಂಡಲ್ಲ, ಅಗಿಯಲು ಜೊಲ್ಲೇ ಸಾಲದೆ.

ಹುಡುಗಿ ಹೇಳಿದ ಐದೇ ಸರಿಯಿತ್ತಾ? ಉತ್ತರ ಗೊತ್ತಾದ ಮೇಲೆ ಸ್ಲೈಡ್ ತಿರುಗಿ ನೋಡಿದರೆ ಎಲ್ಲವೂ ಅಡಿನಾಯ್ಡ್ ಸಿಸ್ಟಿಕ್ ಹಾಗೇ ಕಾಣುತ್ತದೆ. ಆ ಗುಂಡುಗಳು ಎಷ್ಟು ಚೊಕ್ಕವಾಗಿದ್ದವು ಅಂದರೆ, ಇವತ್ತು ಇಂಥದ್ದು ಬಂದರೆ ನಾನು ಐದು ಅಂತಲೇ ಬರೆಯುತ್ತೇನೇನೋ. ಪ್ರೊಫೆಸರ್ ಈಗಲೂ ಒಪ್ಪುವುದಿಲ್ಲ. 4ಬಿಯಲ್ಲಿ ಮೂರಕ್ಕೊಂದು ಕ್ಯಾನ್ಸರ್ ಅಂತ ಪುಸ್ತಕವೇ ಹೇಳುತ್ತದೆ, ಇದು ಆ ಒಂದು, ಖಾನೆ ತಪ್ಪಿಲ್ಲ ಅನ್ನುತ್ತಾರೆ. ಇಬ್ಬರ ಮಾತೂ ನನಗೆ ಸರಿ ಅನಿಸುತ್ತದೆ. ಆ ಏಳು ತಿಂಗಳು ಮಾತ್ರ ಯಾರ ಲೆಕ್ಕದಲ್ಲೂ ಸರಿಹೋಗುವುದಿಲ್ಲ.

ಹಳೆಯ ಎರಡು ಸ್ಲೈಡುಗಳನ್ನು ಮೊದಲ ಲ್ಯಾಬಿಗೆ ವಾಪಸ್ ಕಳಿಸಿದೆ. ಜೊತೆಗೆ ನಮ್ಮ ಎರಡೂ ವರದಿಯ ಪ್ರತಿ ಇಟ್ಟಿದ್ದೆ. ಅಲ್ಲಿನ ಪೆಥಾಲಜಿಸ್ಟ್ ಫೋನ್ ಮಾಡಿದರು. ಸಮಜಾಯಿಷಿ ಕೊಡಲಿಲ್ಲ. ಆ ದಿನ ಸೂಜಿ ಹಾಕಿದವರು ಯಾರು, ಸ್ಕ್ಯಾನ್ ಯಾಕಿರಲಿಲ್ಲ ಅಂತ ಅವರೇ ಹುಡುಕಿಕೊಂಡಿದ್ದರು. ನಿಮ್ಮ ಗೀಮ್ಸಾ ಸ್ಲೈಡಿನ ಫೋಟೋ ಕಳಿಸಿ, ನಮ್ಮ ಹುಡುಗರಿಗೆ ತೋರಿಸ್ತೀನಿ ಅಂದರು. ಕಳಿಸಿದೆ.

ಈ ಗಡ್ಡೆಯ ಇನ್ನೊಂದು ಕೆಟ್ಟ ಗುಣ ನಿಧಾನ. ಐದು ವರ್ಷ ಚೆನ್ನಾಗಿದ್ದರೆ ಬೇರೆ ಎಷ್ಟೋ ಕ್ಯಾನ್ಸರುಗಳಲ್ಲಿ ಗೆದ್ದ ಹಾಗೆ. ಇದರಲ್ಲಿ ಹಾಗಲ್ಲ. ಹತ್ತು, ಹದಿನೈದು ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದ ತಪಾಸಣೆ ನಿಲ್ಲಿಸುವ ಹಾಗಿಲ್ಲ.

ಕಳೆದ ಸಲ ಎದೆಯ ಸಿಟಿ ಮಾಡಿಸಲು ಬಂದವರು ನಮ್ಮ ಕೋಣೆಗೂ ಇಣುಕಿದರು. ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಸಿಟಿಯಲ್ಲಿ ಏನೂ ಇರಲಿಲ್ಲ.

"ಇನ್ನೂ ಎಷ್ಟು ವರ್ಷ ಡಾಕ್ಟ್ರೇ, ಈ ಫೋಟೋ ತೆಗೆಸೋದು?"

"ಹತ್ತು ವರ್ಷ ಅಂತೂ ಖಂಡಿತ ಅಮ್ಮಾ. ಆಮೇಲೂ ಬೇಕಾಗುತ್ತೆ."

"ಅಲ್ಲಿವರೆಗೂ ನೀವು ಇದೇ ಕೋಣೆಯಲ್ಲಿ ಇರ್ತೀರಾ?"

ನನ್ನ ನಿವೃತ್ತಿಗೆ ಇನ್ನು ಆರು ವರ್ಷ ಇದೆ. ಇರ್ತೀನಿ ಅಂದೆ.